ಲಾಭವಿದೆ, ಹಣವೆಲ್ಲಿ?

‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವನ್ನು ಊರಿನ ಕಿರಾಣಿ ಅಂಗಡಿಯಲ್ಲಿ ಕಾಣದ ಕನ್ನಡಿಗರು ವಿರಳ. ಆ ಫಲಕದ ಕೆಳಗೆ ಕುಳಿತ ಯಜಮಾನರೇ ಉದ್ರಿಯ ಪುಸ್ತಕವನ್ನೂ ಬರೆದಿಡುತ್ತಿದ್ದರೆಂಬುದು ಬೇರೆ ಮಾತು. ಉದ್ರಿಯಿಲ್ಲದೆ ವ್ಯಾಪಾರ ನಡೆಯದು. ಉದ್ರಿ ಮಿತಿಮೀರಿದರೆ ವ್ಯಾಪಾರ ಉಳಿಯದು. ಸಣ್ಣ ಅಂಗಡಿಗೆ ಅನ್ವಯಿಸುವ ಈ ಮಾತು ಸಾವಿರಾರು ಕೋಟಿ ರೂಪಾಯಿಗಳ ವಹಿವಾಟಿನ ಕಂಪನಿಗೂ ಅಷ್ಟೇ ಅನ್ವಯಿಸುತ್ತದೆ. ನಿವೃತ್ತಿಯ ಕಾಲಕ್ಕೆ ಕೈಗೆ ಬಂದ ಭವಿಷ್ಯನಿಧಿ ಮತ್ತು ಗ್ರಾಚ್ಯುಯಿಟಿಯ ಹಣವನ್ನು ಶೇರುಗಳಲ್ಲಿ ತೊಡಗಿಸುವವರು ಕಂಪನಿಯ ಲಾಭದ ಅಂಕಿಯನ್ನು ನೋಡುತ್ತಾರೆ, ಲಾಭಾಂಶವನ್ನು ನೋಡುತ್ತಾರೆ. ಬರಬೇಕಾದ ಬಾಕಿಯ ಸಾಲನ್ನು ಮಾತ್ರ ಸಾಮಾನ್ಯವಾಗಿ ದಾಟಿಹೋಗುತ್ತಾರೆ.

ಮುಂಬಯಿಯ ಉಡುಪಿ ಹೋಟೆಲಿನಲ್ಲಿ ಗಿರಾಕಿಯು ದೋಸೆ ತಿಂದು, ಕಾಫಿ ಕುಡಿದು, ಗಲ್ಲೆಯಲ್ಲಿ ಹಣ ಕೊಟ್ಟು ಹೊರಡುತ್ತಾನೆ. ಅಲ್ಲಿ ಮಾರಾಟ ಮತ್ತು ಹಣದ ನಡುವೆ ಅಂತರವಿಲ್ಲ. ಪುಣೆಯ ಭೋಸರಿಯಲ್ಲಿ ನಾಲ್ಕು ಲೇತುಗಳನ್ನಿಟ್ಟುಕೊಂಡು ದೊಡ್ಡ ಕಾರ್ಖಾನೆಗೆ ಬಿಡಿಭಾಗಗಳನ್ನು ಒದಗಿಸುವವನ ಸ್ಥಿತಿ ಹಾಗಲ್ಲ. ಮಾಲು ಹೋದ ದಿನವೇ ಬಿಲ್ಲು ಬರೆಯಲ್ಪಡುತ್ತದೆ. ಹಣ ಬರುವುದು ಅರವತ್ತು ದಿನಕ್ಕೋ ತೊಂಬತ್ತು ದಿನಕ್ಕೋ. ಆದರೆ ಲೆಕ್ಕಪತ್ರದ ನಿಯಮದಂತೆ ಬಿಲ್ಲು ಬರೆದ ದಿನವೇ ಅದು ಮಾರಾಟವಾಯಿತು, ಅದರಲ್ಲಿನ ಲಾಭವೂ ಅಂದೇ ಲೆಕ್ಕಕ್ಕೆ ಸೇರಿತು. ಬಾರದೆ ಉಳಿದ ಮೊತ್ತ ಅಢಾವೆ ಪತ್ರಿಕೆಯಲ್ಲಿ, ಅಂದರೆ ಬ್ಯಾಲೆನ್ಸ್ ಶೀಟಿನಲ್ಲಿ, ಆಸ್ತಿಯ ಭಾಗಕ್ಕೆ ಸೇರುತ್ತದೆ. ಹಿಂದಿನ ವಾರ್ಷಿಕ ವರದಿಗಳಲ್ಲಿ ಇದಕ್ಕೆ ‘ಸಂಡ್ರಿ ಡೆಟರ್ಸ್’ ಎಂಬ ಹೆಸರಿತ್ತು; ಈಗಿನ ವರದಿಗಳಲ್ಲಿ ‘ಟ್ರೇಡ್ ರಿಸೀವಬಲ್ಸ್’ ಎಂದಿರುತ್ತದೆ. ಹೆಸರು ಯಾವುದಾದರೂ ವಸ್ತು ಒಂದೇ: ಮಾರಿದ್ದಾಯಿತು, ಹಣ ಬಂದಿಲ್ಲ.

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಕಂಪನಿಯೊಂದರ ಮಾರಾಟ ಮೊದಲನೆಯ ವರ್ಷ 120 ಲಕ್ಷ ರೂಪಾಯಿ. ವರ್ಷಾಂತ್ಯದ ಬಾಕಿ 20 ಲಕ್ಷ. ಎರಡನೆಯ ವರ್ಷ ಮಾರಾಟ 150 ಲಕ್ಷಕ್ಕೆ ಏರಿತು. ಲಾಭ 15 ಲಕ್ಷ. ಅಧ್ಯಕ್ಷರ ಭಾಷಣದಲ್ಲಿ ಮಾರಾಟ ಶೇಕಡಾ 25ರಷ್ಟು ಹೆಚ್ಚಿದ ಸಂತೋಷ ತುಂಬಿರುತ್ತದೆ. ಆದರೆ ಬಾಕಿ 20 ಲಕ್ಷದಿಂದ 36 ಲಕ್ಷಕ್ಕೆ, ಅಂದರೆ ಶೇಕಡಾ 80ರಷ್ಟು ಏರಿದೆ. ಲಾಭದ 15 ಲಕ್ಷದಿಂದ ಬಾಕಿಯ ಏರಿಕೆಯಾದ 16 ಲಕ್ಷವನ್ನು ಕಳೆದರೆ ಉಳಿಯುವುದೇನು? ಉಳಿದೆಲ್ಲ ಬಾಬುಗಳು ಹಿಂದಿನಂತೆಯೇ ಇದ್ದವೆಂದು ಭಾವಿಸಿದರೆ, ಲಾಭ ಗಳಿಸಿದ ಆ ವರ್ಷದಲ್ಲಿ ವ್ಯಾಪಾರವು ಒಂದು ಲಕ್ಷ ರೂಪಾಯಿಯನ್ನು ಕೈಯಿಂದಲೇ ಕಳೆದುಕೊಂಡಿದೆ. ವಾರ್ಷಿಕ ವರದಿಯ ನಗದು ಹರಿವಿನ ಪಟ್ಟಿಯಲ್ಲಿ ಲಾಭದ ಕೆಳಗೆ ಬಾಕಿಯ ಹೆಚ್ಚಳವನ್ನು ಆವರಣದೊಳಗೆ, ಕಳೆಯತಕ್ಕ ಮೊತ್ತವಾಗಿ ತೋರಿಸುವುದು ಈ ಕಾರಣದಿಂದಲೇ. ಬಾಕಿ ಇಳಿದಿದ್ದರೆ ಅದೇ ಸಾಲು ಕೂಡತಕ್ಕ ಮೊತ್ತವಾಗುತ್ತದೆ.

ಇದರ ಮೇಲೆ ತೆರಿಗೆಯ ಭಾರ ಬೇರೆ. ಸರಕಿಗೆ ಸಾಮಾನ್ಯವಾಗಿ ಬಿಲ್ಲು ಬರೆದೊಡನೆಯೇ ಜಿ.ಎಸ್.ಟಿ. ಹೊಣೆ ಹುಟ್ಟುತ್ತದೆ, ಗಿರಾಕಿ ಕೊಡುವವರೆಗೆ ಸರಕಾರ ಕಾಯುವುದಿಲ್ಲ. ಕಂಪನಿಯ ಆದಾಯ ತೆರಿಗೆಯೂ ಲೆಕ್ಕದ ಲಾಭವನ್ನೇ ಆಧರಿಸಿ ಬರುತ್ತದೆ. ಹೀಗೆ ಬಾರದ ಹಣದ ಮೇಲೆ ತೆರಿಗೆ ತೆತ್ತು, ನೌಕರರ ಸಂಬಳ ಕೊಟ್ಟು, ಕೊರತೆಗೆ ಬ್ಯಾಂಕಿನಿಂದ ಬಡ್ಡಿಗೆ ಹಣ ತರುವ ಸ್ಥಿತಿ ಒದಗುತ್ತದೆ. ಲಾಭದಲ್ಲಿದ್ದ ಎಷ್ಟೋ ಉದ್ಯಮಗಳು ಬಾಗಿಲು ಹಾಕಿಕೊಂಡದ್ದು ಹೀಗೆಯೇ. ಮೈ ತುಂಬಿಕೊಂಡಂತೆ ಕಂಡರೂ ರಕ್ತಹೀನತೆಯಿಂದ ಬಳಲುವ ರೋಗಿಗೆ ಅವುಗಳನ್ನು ಹೋಲಿಸಬಹುದು.

ಬಾಕಿಯನ್ನು ಅಳೆಯುವ ಸುಲಭ ಮಾನ ‘ದಿನಗಳ’ ಲೆಕ್ಕ. ಬಾಕಿಯನ್ನು ವರ್ಷದ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ, ಹಣ ಬರಲು ಸರಾಸರಿ ಎಷ್ಟು ದಿನ ಹಿಡಿಯುತ್ತದೆಂಬುದು ತಿಳಿಯುತ್ತದೆ. ಮೇಲಿನ ಕಂಪನಿಯಲ್ಲಿ ಅದು 61 ದಿನಗಳಿಂದ 88 ದಿನಗಳಿಗೆ ಏರಿದೆ. ಇಂತಿಷ್ಟೇ ದಿನಗಳಿರಬೇಕೆಂಬ ನಿಯಮವೇನೂ ಇಲ್ಲ. ಹೋಟೆಲಿಗೆ ಐದು ದಿನವೂ ಹೆಚ್ಚು. ಸರಕಾರದ ಕಾಮಗಾರಿ ನಡೆಸುವ ಗುತ್ತಿಗೆಯ ಕಂಪನಿಗೆ ನೂರು ದಿನ ಆಶ್ಚರ್ಯವಲ್ಲ. ಆದುದರಿಂದ ಕಂಪನಿಯನ್ನು ಅದರ ಹಿಂದಿನ ವರ್ಷಗಳೊಡನೆ ಮತ್ತು ಅದೇ ಕಸುಬಿನ ಇತರ ಕಂಪನಿಗಳೊಡನೆ ಹೋಲಿಸುವುದೇ ಯೋಗ್ಯ. ಫ್ಯಾನು, ಏರ್ ಕೂಲರುಗಳ ತಯಾರಕರು ಬೇಸಗೆಗೆ ಮುನ್ನ ಫೆಬ್ರವರಿ, ಮಾರ್ಚಿಯಲ್ಲಿ ವಿತರಕರಿಗೆ ಮಾಲು ಕಳುಹಿಸುವುದರಿಂದ ಮಾರ್ಚಿ 31ರ ಬಾಕಿ ಸಹಜವಾಗಿಯೇ ದೊಡ್ಡದಿರುತ್ತದೆ. ಅಂಥ ಕಡೆ ಮಾರ್ಚಿಯನ್ನು ಮಾರ್ಚಿಯೊಡನೆ ಹೋಲಿಸಬೇಕೇ ಹೊರತು ಸೆಪ್ಟೆಂಬರಿನೊಡನೆ ಅಲ್ಲ.

ಬಾಕಿ ಏರಿತೆಂದ ಮಾತ್ರಕ್ಕೆ ಮೋಸವೆಂದು ತೀರ್ಮಾನಿಸುವುದೂ ತಪ್ಪು. ಹೊಸದಾಗಿ ದೊಡ್ಡ ಗಿರಾಕಿಯೊಬ್ಬ ದೊರೆತಿರಬಹುದು. ಸರಕಾರಿ ಇಲಾಖೆಯಿಂದ ಹಣ ತಡವಾಗಿರಬಹುದು. ವರ್ಷದ ಕೊನೆಯಲ್ಲಿ ಇನ್ನೊಂದು ಕಂಪನಿಯನ್ನು ಕೊಂಡದ್ದರಿಂದ ಅದರ ಬಾಕಿಯೂ ಬಂದು ಸೇರಿರಬಹುದು. ಆದರೆ ಮಾರಾಟದ ಗುರಿ ಮುಟ್ಟದ ಕಂಪನಿಯು ವರ್ಷಾಂತ್ಯದಲ್ಲಿ ‘ಈಗ ತೆಗೆದುಕೊಳ್ಳಿ, ಆರು ತಿಂಗಳ ಮೇಲೆ ಕೊಡಿ’ ಎಂದು ವಿತರಕರ ಗೋದಾಮು ತುಂಬಿಸುವ ಸಂಭವವೂ ಉಂಟು. ಇದು ಮುಂದಿನ ವರ್ಷದ ಮಾರಾಟವನ್ನು ಈ ವರ್ಷಕ್ಕೆ ಎಳೆದುಕೊಳ್ಳುವ ಉಪಾಯ.

ಅಮೆರಿಕದ ಸನ್‌ಬೀಮ್ ಎಂಬ ಗೃಹೋಪಯೋಗಿ ವಸ್ತುಗಳ ಕಂಪನಿ ಇದಕ್ಕೆ ಪ್ರಸಿದ್ಧ ನಿದರ್ಶನ. 1996ರಿಂದ 1997ಕ್ಕೆ ಅದರ ಮಾರಾಟ 98.4 ಕೋಟಿ ಡಾಲರುಗಳಿಂದ 116.8 ಕೋಟಿಗೆ, ಸುಮಾರು ಶೇಕಡಾ 19ರಷ್ಟು ಏರಿತು. ಬಾಕಿಯಾದರೋ 21.3 ಕೋಟಿಯಿಂದ 29.5 ಕೋಟಿಗೆ, ಸುಮಾರು ಶೇಕಡಾ 38ರಷ್ಟು ಏರಿತು. ಬೇಸಗೆಯಲ್ಲಿ ಅಂಗಳದಲ್ಲಿ ಅಡುಗೆ ಮಾಡಲು ಅಲ್ಲಿನವರು ಬಳಸುವ ಗ್ಯಾಸ್ ಒಲೆಗಳನ್ನು ಚಳಿಗಾಲದಲ್ಲಿಯೇ ಅಂಗಡಿಗಳಿಗೆ ‘ಮಾರಿ’, ಮಾಲನ್ನು ಗೋದಾಮಿನಲ್ಲಿಯೇ ಇಟ್ಟು, ಹಣಕ್ಕೆ ತಿಂಗಳುಗಟ್ಟಲೆ ಅವಧಿ ಕೊಡಲಾಗಿತ್ತು. ಇನ್ನೊಂದು ಸೂಕ್ಷ್ಮವೂ ಅಲ್ಲಿತ್ತು. 1997ರ ಡಿಸೆಂಬರ್ ಕೊನೆಯಲ್ಲಿ ಕಂಪನಿಯು ತನಗೆ ಬರಬೇಕಾದ ಬಾಕಿಯಲ್ಲಿ ಸುಮಾರು 5.9 ಕೋಟಿ ಡಾಲರುಗಳಷ್ಟನ್ನು ಬೇರೆಯವರಿಗೆ ಮಾರಿ ನಗದು ಪಡೆದಿತ್ತು. ಅದನ್ನು ಮರಳಿ ಸೇರಿಸಿದರೆ ಬಾಕಿಯ ನಿಜವಾದ ಏರಿಕೆ ಸುಮಾರು ಶೇಕಡಾ 66. ಮುಖ್ಯಾಧಿಕಾರಿ ಆಲ್ಬರ್ಟ್ ಡನ್ಲಪ್ 1998ರ ಜೂನಿನಲ್ಲಿ ಪದಚ್ಯುತರಾದರು; ಕಂಪನಿ 2001ರಲ್ಲಿ ದಿವಾಳಿಯ ರಕ್ಷಣೆಗೆ ಮೊರೆ ಹೋಯಿತು.

ಬಾಕಿ ಇಳಿದರೆ ಒಳ್ಳೆಯದೆಂದು ಕಣ್ಣು ಮುಚ್ಚಿ ನಂಬಲಾಗದೆಂಬುದೂ ಇದರಿಂದ ತಿಳಿಯುತ್ತದೆ. ವಸೂಲಿ ಚುರುಕಾಗಿ ಇಳಿದಿದ್ದರೆ ಸಂತೋಷ. ಬಾಕಿಯನ್ನು ಹಣಕಾಸು ಸಂಸ್ಥೆಗೆ ಮಾರಿ ಇಳಿಸಿದ್ದರೆ, ಮುಳುಗಿದ ಸಾಲವೆಂದು ಬರೆದುಹಾಕಿ ಇಳಿಸಿದ್ದರೆ, ಅಥವಾ ಮಾರಾಟವೇ ಕುಸಿದು ಇಳಿದಿದ್ದರೆ ಅರ್ಥ ಬೇರೆ. ಬಾಕಿಯ ಸಾಲಿನಿಂದ ಜಾರಿ ‘ಇನ್ನೂ ಬಿಲ್ಲು ಬರೆಯದ ಆದಾಯ’ ಎಂಬ ಸಾಲಿನಲ್ಲಿ ಹಣ ಕುಳಿತಿರುವುದೂ ಉಂಟು. ಸಾಫ್ಟ್‌ವೇರ್ ಮತ್ತು ನಿರ್ಮಾಣ ಕಂಪನಿಗಳಲ್ಲಿ ಆ ಎರಡನ್ನೂ ಕೂಡಿಸಿಯೇ ನೋಡಬೇಕು.

ಹೈದರಾಬಾದಿನ ಸತ್ಯಂ ಕಂಪನಿಯ ಪ್ರಕರಣ ಇನ್ನೊಂದು ಎಚ್ಚರಿಕೆಯನ್ನು ಕೊಡುತ್ತದೆ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಂತೆ, 2008ರ ಸೆಪ್ಟೆಂಬರ್ ಕೊನೆಗೆ ಪುಸ್ತಕದಲ್ಲಿದ್ದ 2,651 ಕೋಟಿ ರೂಪಾಯಿ ಬಾಕಿಯಲ್ಲಿ 490 ಕೋಟಿ ಉತ್ಪ್ರೇಕ್ಷೆ. ಆ ತ್ರೈಮಾಸಿಕದ ಆದಾಯ 2,700 ಕೋಟಿ ಎಂದು ತೋರಿಸಿದ್ದರೂ ನಿಜವಾದದ್ದು 2,112 ಕೋಟಿ. ಆದರೂ ತೋರಿಸಿದ ಅಂಕಿಗಳಿಂದ ದಿನಗಳನ್ನು ಎಣಿಸಿದರೆ ತೊಂಬತ್ತರ ಆಸುಪಾಸು ಬರುತ್ತದೆ; ಗಾಬರಿಯಾಗುವಂಥದೇನೂ ಅಲ್ಲ. ಕಾರಣ ಸರಳ. ಸುಳ್ಳು ಬಿಲ್ಲುಗಳ ಬಾಕಿಯನ್ನು ಸುಳ್ಳು ಬ್ಯಾಂಕ್ ಪತ್ರಗಳ ಮೂಲಕ ‘ವಸೂಲಾಯಿತು’ ಎಂದು ತೋರಿಸಲಾಗಿತ್ತು. ಹೀಗಾಗಿ ಹುಸಿಯ ಬಹುಭಾಗ ಬಾಕಿಯಲ್ಲಿ ಉಳಿಯದೆ ನಗದಿನ ಸಾಲಿಗೆ ಹೋಗಿ ಸೇರಿತು: 5,361 ಕೋಟಿಯಲ್ಲಿ 5,040 ಕೋಟಿ ಇರಲೇ ಇಲ್ಲ. ಬಾಕಿಯ ಪರೀಕ್ಷೆ ಎಷ್ಟೇ ಉಪಯುಕ್ತವಾದರೂ ಬ್ಯಾಂಕಿನ ಪತ್ರವೇ ಖೋಟಾ ಆದಲ್ಲಿ ಅದಕ್ಕೆ ಹಿಡಿತ ಸಿಗುವುದಿಲ್ಲ.

ಭಾರತದ ಶೇರುದಾರರಿಗೆ ಈಗ ಒಂದು ಅನುಕೂಲವಿದೆ. 2013ರ ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿಗೆ 2021ರಲ್ಲಿ ಮಾಡಿದ ತಿದ್ದುಪಡಿಯಂತೆ, ಬಾಕಿಯ ವಯಸ್ಸನ್ನು ಟಿಪ್ಪಣಿಯಲ್ಲಿ ಕೊಡಬೇಕು: ಆರು ತಿಂಗಳೊಳಗಿನದು, ಆರು ತಿಂಗಳಿಂದ ಒಂದು ವರ್ಷದ್ದು, ಒಂದರಿಂದ ಎರಡು ವರ್ಷದ್ದು, ಎರಡರಿಂದ ಮೂರು ವರ್ಷದ್ದು, ಮೂರು ವರ್ಷ ಮೀರಿದ್ದು. ತಂಟೆಯಿರುವ ಬಾಕಿ ಮತ್ತು ಇಲ್ಲದ ಬಾಕಿ ಬೇರೆ ಬೇರೆಯಾಗಿರಬೇಕು. ಈ ವಯಸ್ಸನ್ನು ಎಣಿಸುವುದು ಬಿಲ್ಲಿನ ದಿನದಿಂದಲ್ಲ, ಹಣ ಕೊಡಬೇಕಾಗಿದ್ದ ದಿನದಿಂದ. ಅವಧಿಯನ್ನೇ ಅರವತ್ತರಿಂದ ನೂರೆಂಬತ್ತು ದಿನಕ್ಕೆ ವಿಸ್ತರಿಸಿದ ಕಂಪನಿಯ ಬಾಕಿ ಈ ಪಟ್ಟಿಯಲ್ಲಿ ಎಳೆಯದಾಗಿಯೇ ಕಾಣುತ್ತದೆ. ಆ ಬದಲಾವಣೆಯನ್ನು ಬಯಲಿಗೆಳೆಯುವುದು ದಿನಗಳ ಲೆಕ್ಕವೇ. ಅಷ್ಟನ್ನು ನೋಡಿದ ಮೇಲೆ, ವಸೂಲಿ ಸಂಶಯಾಸ್ಪದವಾದ ಬಾಕಿಗೆ ಕಂಪನಿ ಎಷ್ಟು ಮೊತ್ತವನ್ನು ತೆಗೆದಿರಿಸಿದೆ ಎಂಬ ಸಾಲಿಗೆ ಬರಬೇಕು. ಹಳೆಯ ಬಾಕಿ ಹೆಚ್ಚುತ್ತಿದ್ದು ತೆಗೆದಿರಿಸಿದ ಮೊತ್ತ ಕುಗ್ಗಿದ್ದರೆ, ಆ ವರ್ಷದ ಲಾಭದಲ್ಲಿ ಒಂದಂಶ ಅಲ್ಲಿಂದಲೇ ಬಂದಿರುವ ಸಾಧ್ಯತೆ ಇದೆ. ಬಾಕಿದಾರರಲ್ಲಿ ಕಂಪನಿಯ ನಿರ್ದೇಶಕರಿಗೇ ಸೇರಿದ ಸಂಸ್ಥೆಗಳು ಇವೆಯೇ ಎಂಬುದು ಸಂಬಂಧಿತ ವ್ಯಕ್ತಿಗಳ ವ್ಯವಹಾರದ ಟಿಪ್ಪಣಿಯಲ್ಲಿ ದೊರೆಯುತ್ತದೆ. ವಾರ್ಷಿಕ ಸಭೆಯಲ್ಲಿ ಲಾಭಾಂಶದ ಪ್ರಮಾಣ ಹೆಚ್ಚಿಸಿರೆಂದು ಕೇಳುವವರು ಅನೇಕರು. ವರ್ಷ ಕಳೆದರೂ ಬಾರದ ಬಾಕಿ ಯಾರಿಂದ ಬರಬೇಕು, ಏಕೆ ಬಂದಿಲ್ಲವೆಂದು ಕೇಳುವ ಹಕ್ಕು ನೂರು ಶೇರುಗಳ ಒಡೆಯನಿಗೂ ಇದೆ.