ಬೆಂದಂತೆ ತೋರುವ ಹಸಿಮೀನು

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಊಟದ ಆರಂಭಕ್ಕೆ ಬಡಿಸುವ ಹಸಿಮೀನಿನ ಖಾದ್ಯ ‘ಸೆವಿಚೆ’. ಕಡಲಮೀನಿನ ತುಂಡುಗಳಿಗೆ ಉಪ್ಪು, ನಿಂಬೆರಸ, ಮೆಣಸಿನಕಾಯಿ, ತೆಳುವಾಗಿ ಹೆಚ್ಚಿದ ಈರುಳ್ಳಿ ಬೆರೆಸಿ, ಬೇಯಿಸಿದ ಗೆಣಸಿನೊಡನೆ ಸವಿಯುತ್ತಾರೆ. 2023ರಲ್ಲಿ ಯುನೆಸ್ಕೊ ಈ ಪಾಕಸಂಪ್ರದಾಯವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನಿಂಬೆಯ ಆಮ್ಲಕ್ಕೆ ಮೀನಿನ ಪ್ರೋಟೀನು ಗಟ್ಟಿಯಾಗಿ, ಮಾಂಸವು ಬೆಂದಂತೆ ಬೆಳ್ಳಗಾಗುತ್ತದೆ. ಆದರೆ ಮೀನಿನೊಳಗೆ ಇರಬಹುದಾದ ಅನಿಸಾಕಿಸ್ ಎಂಬ ಪರೋಪಜೀವಿ ಹುಳು ಆ ಹುಳಿಗೆ ಸಾಯುವುದಿಲ್ಲ. ಹೊಟ್ಟೆ ಸೇರಿದರೆ ತೀವ್ರ ನೋವು, ವಾಂತಿ ತರಬಲ್ಲದು.

ಆದುದರಿಂದಲೇ ಹಸಿಯಾಗಿ ತಿನ್ನಲು ಮಾರುವ ಮೀನನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 24 ಗಂಟೆ ಘನೀಕರಿಸಬೇಕೆಂದು ಐರೋಪ್ಯ ಒಕ್ಕೂಟದ ನಿಯಮ ಸಾಮಾನ್ಯವಾಗಿ ವಿಧಿಸುತ್ತದೆ. ಮನೆಯ ಫ್ರಿಜ್ಜಿನಲ್ಲಿ ಅಷ್ಟು ಶೈತ್ಯ ಅಪರೂಪ. ಮಕ್ಕಳಿರುವ ಮನೆಯಲ್ಲಿ ಮೀನನ್ನು ಬೇಯಿಸಿ, ಆರಿಸಿ, ಬಳಿಕ ನಿಂಬೆರಸ ಬೆರೆಸುವುದೇ ಕ್ಷೇಮ.