‘ಸೇವ್’ ಆಯ್ತು ಅಂದಿತ್ತು ಕಂಪ್ಯೂಟರ್!

ನಮ್ಮೂರಲ್ಲಿ ಜೂನ್ ಬಂತೆಂದರೆ ಎರಡು ವಿಷಯ ಖಾತ್ರಿ. ಒಂದು ಮಳೆ, ಇನ್ನೊಂದು ಕರೆಂಟು ಹೋಗುವುದು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲಿ ಕೇಳಿದರೂ ಇದೇ ಕಥೆ. ಗಾಳಿಗೆ ಒಂದು ತೆಂಗಿನ ಗರಿ ತಂತಿಯ ಮೇಲೆ ಬಿದ್ದರೂ ಸಾಕು, ಇಡೀ ಊರು ಕತ್ತಲು. ‘ಕರೆಂಟ್ ಹ್ವಾಯ್ತ್’ ಅನ್ನುವುದು ನಮಗೆ ಸುದ್ದಿಯೇ ಅಲ್ಲ. ಆದರೆ ಒಂದು ಸಂಜೆ ಹೀಗೆ ಹೋದ ಕರೆಂಟು ನನ್ನ ನಿದ್ದೆಯನ್ನೂ ಕೊಂಡೊಯ್ದಿತ್ತು.

ಕುಂದಾಪುರದಲ್ಲಿ ಬಿ.ಕಾಂ. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಾ ಕುಳಿತಿದ್ದ ದಿನಗಳವು. ಬೈಂದೂರು ಕಡೆಯ ನಮ್ಮೂರಿನ ಹಾಲಿನ ಸೊಸೈಟಿಯಲ್ಲಿ ‘ಕಂಪ್ಯೂಟರ್ ಗೊತ್ತಿರುವವರು’ ಬೇಕು ಅಂದರು. ಕೆಲಸ ಸಿಗುವವರೆಗೆ ಇರಲಿ ಅಂತ ಸೇರಿಕೊಂಡೆ. ಬೆಳಿಗ್ಗೆ, ಸಂಜೆ ಸದಸ್ಯರು ತರುವ ಹಾಲಿನ ಲೀಟರು, ಫ್ಯಾಟು ನೋಡಿ ಅವರ ಕಾರ್ಡಿನಲ್ಲಿ ಬರೆಯುವುದು, ಜೊತೆಗೆ ಕಂಪ್ಯೂಟರಿನ ಎಕ್ಸೆಲ್ ಹಾಳೆಗೆ ಹಾಕುವುದು. ಇಷ್ಟೇ ಕೆಲಸ.

ಮೊದಲು ಕಾರ್ಯದರ್ಶಿಯವರು ಎಲ್ಲವನ್ನೂ ಒಂದು ಉದ್ದ ಪುಸ್ತಕದಲ್ಲೂ ಬರೆಯುತ್ತಿದ್ದರು. ‘ಕಂಪ್ಯೂಟರ್ ಇರುವಾಗ ಎರಡೆರಡು ಕೆಲಸ ಎಂತಕ್ಕೆ ಸರ್?’ ಅಂದವಳು ನಾನೇ. ಅವರು ನಕ್ಕು ಪುಸ್ತಕ ಮುಚ್ಚಿಟ್ಟರು. ಕಲಿತ ಹುಡುಗಿ ಹೇಳಿದ ಮಾತಲ್ಲವೇ!

ಅಂದು ಸಂಜೆ ಜೋರು ಗಾಳಿಮಳೆ. ಕೊನೆಯ ಕ್ಯಾನು ಅಳೆದು, ಸೇವ್ ಒತ್ತಿ, ನಿಟ್ಟುಸಿರು ಬಿಟ್ಟೆ. ಅಷ್ಟರಲ್ಲಿ ದೀಪ ಹೋಯಿತು. ಯುಪಿಎಸ್ ಇದೆಯಲ್ಲ ಅಂದುಕೊಳ್ಳುವಷ್ಟರಲ್ಲಿ ಕಂಪ್ಯೂಟರೂ ಕಣ್ಣು ಮುಚ್ಚಿತು. ಬೆಳಿಗ್ಗೆ ಬಂದು ಫೈಲು ತೆರೆದರೆ ತೆರೆಯಲೇ ಇಲ್ಲ. ಎಂಟು ದಿನದ ಲೆಕ್ಕ ಅದರೊಳಗಿತ್ತು. ಬಟವಾಡೆಗೆ ಇನ್ನು ಎರಡೇ ದಿನ. ಪೆನ್‌ಡ್ರೈವಿನಲ್ಲಿದ್ದದ್ದು ತಿಂಗಳ ಮೊದಲಿನ ಪ್ರತಿ.

ನಿಮಗಿದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಆ ಹಾಳೆಯ ಒಂದೊಂದು ಸಾಲೂ ಒಬ್ಬೊಬ್ಬರ ಮನೆಯ ದಿನಸಿ, ಮಕ್ಕಳ ಬಸ್ ಪಾಸು, ದನದ ಹಿಂಡಿಯ ಸಾಲ. ಸುದ್ದಿ ಹರಡಿತು. ನೆರೆಮನೆಯ ಅಕ್ಕ ನನ್ನನ್ನೇ ನೋಡುತ್ತಾ ಕೇಳಿದರು: ‘ಎಂತ ಹೆಣೆ, ನಮ್ಮ ಹಾಲಿನ ದುಡ್ಡ್ ಮಳಿಗೆ ತೇಲಿ ಹ್ವಾಯ್ತಾ?’ ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ.

ಬ್ರಹ್ಮಾವರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನೊಬ್ಬನಿದ್ದ. ಸಿಪಿಯು ಡಬ್ಬವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಸ್ಸಿನಲ್ಲಿ ಹೊತ್ತೊಯ್ದೆ. ಅವನು ಫೈಲನ್ನು ಬೇರೊಂದು ತಂತ್ರಾಂಶದಲ್ಲಿ ತೆರೆದು ತೋರಿಸಿದ. ಗಾತ್ರ ಸರಿಯಾಗಿಯೇ ಇದೆ, ಹೆಸರೂ ಇದೆ. ಒಳಗೆ ಮಾತ್ರ ಮೊದಲಿನಿಂದ ಕೊನೆಯವರೆಗೆ ಬರೀ ಸೊನ್ನೆ!

‘ಸೇವ್ ಮಾಡಿದ್ದೆ ಮಾರಾಯಾ’ ಅಂತ ಅಳುದನಿಯಲ್ಲಿ ಹೇಳಿದೆ. ಅವನು ಸಮಾಧಾನದಿಂದ ವಿವರಿಸಿದ. ನಾವು ಸೇವ್ ಒತ್ತಿದಾಗ ಮಾಹಿತಿ ನೇರ ಡಿಸ್ಕಿಗೆ ಹೋಗುವುದಿಲ್ಲ. ಡಿಸ್ಕ್ ನಿಧಾನ, ಕಂಪ್ಯೂಟರಿಗೆ ಅವಸರ. ಹಾಗಾಗಿ ಮೊದಲು ರ್‍ಯಾಮ್‌ನಲ್ಲಿ ಇಟ್ಟುಕೊಂಡು ‘ಆಯಿತು’ ಅಂದುಬಿಡುತ್ತದೆ. ಕೆಲವು ಸೆಕೆಂಡುಗಳ ನಂತರ ಅದನ್ನು ಡಿಸ್ಕಿಗೆ ಕಳಿಸುತ್ತದೆ. ಡಿಸ್ಕಿನೊಳಗೂ ಇಂಥದ್ದೇ ಒಂದು ಪುಟ್ಟ ತಾತ್ಕಾಲಿಕ ಜಾಗ ಇದೆ. ಇದಕ್ಕೆ ಕ್ಯಾಶ್ ಅನ್ನುತ್ತಾರೆ. ಕರೆಂಟು ಹೋದರೆ ರ್‍ಯಾಮ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ನನ್ನ ಎಂಟು ದಿನದ ಲೆಕ್ಕ ಸಿಕ್ಕಿಬಿದ್ದದ್ದು ಈ ನಡುದಾರಿಯಲ್ಲಿ.

ಹಾಗಾದರೆ ಇದಕ್ಕೆ ಮದ್ದೇ ಇಲ್ಲವೇ? ಇದೆ. ಬಿ.ಕಾಂ. ಓದಿದ ನನಗೆ ಅದು ಚೆನ್ನಾಗಿ ಗೊತ್ತಿರಬೇಕಿತ್ತು! ಲೆಕ್ಕ ಬರೆಯುವವರು ವ್ಯವಹಾರವನ್ನು ಮೊದಲು ರೋಜುಕೀರ್ದಿಯಲ್ಲಿ ಬರೆದು, ಆಮೇಲೆ ಖಾತೆಗೆ ಏರಿಸುತ್ತಾರೆ. ಖಾತೆ ಬರೆಯುವಾಗ ಅರ್ಧಕ್ಕೆ ನಿಂತರೂ ಕೀರ್ದಿ ನೋಡಿ ಸರಿಮಾಡಬಹುದು. ಕಂಪ್ಯೂಟರೂ ಮಾಡುವುದು ಅದನ್ನೇ. ಹೆಸರೂ ಅದೇ, ಜರ್ನಲ್. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಇದು 1993ರಿಂದ ಇದೆ. ಲಿನಕ್ಸಿಗೆ 2001ರಲ್ಲಿ ಸೇರಿದ ಇಎಕ್ಸ್‌ಟಿ3ನಲ್ಲೂ ಇದು ಇದೆ. ಬ್ಯಾಂಕಿನ ಡೇಟಾಬೇಸ್ ಕೂಡ ಮೊದಲು ಲಾಗ್‌ನಲ್ಲಿ ಬರೆದು, ಅದು ಡಿಸ್ಕಿನಲ್ಲಿ ಕುಳಿತಿದ್ದು ಖಾತ್ರಿಯಾದ ಮೇಲಷ್ಟೇ ‘ವ್ಯವಹಾರ ಪೂರ್ಣ’ ಅನ್ನುತ್ತದೆ.

ಆದರೆ ಒಂದು ಗುಟ್ಟಿದೆ. ಎನ್‌ಟಿಎಫ್‌ಎಸ್‌ನ ಜರ್ನಲ್ ಕಾಪಾಡುವುದು ಫೈಲಿನ ಹೆಸರು, ಗಾತ್ರ, ಜಾಗದ ವಿವರವನ್ನು. ಒಳಗಿನ ಬರಹವನ್ನಲ್ಲ. ನನ್ನ ಫೈಲಿಗೆ ಗಾತ್ರವಿದ್ದು ಜೀವ ಇಲ್ಲದಿರಲು ಇದೇ ಕಾರಣ. ನಾವು ನಂಬುವ ಪೆನ್‌ಡ್ರೈವಿನ ಫ್ಯಾಟ್32ನಲ್ಲಂತೂ ಜರ್ನಲ್ಲೇ ಇಲ್ಲ. ದೊಡ್ಡ ಸರ್ವರುಗಳ ಎಸ್‌ಎಸ್‌ಡಿಗಳಲ್ಲಿ ಸಣ್ಣ ಕೆಪಾಸಿಟರುಗಳಿರುತ್ತವೆ. ಕರೆಂಟು ಹೋದ ಕ್ಷಣದಲ್ಲಿ ಅವು ಕೂಡಿಟ್ಟ ವಿದ್ಯುತ್ತಿನಿಂದ ಕ್ಯಾಶ್‌ನಲ್ಲಿರುವುದನ್ನು ಬರೆದು ಮುಗಿಸುತ್ತವೆ. ನಾವು ಕೊಳ್ಳುವ ಅಗ್ಗದ ಡ್ರೈವುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಮತ್ತೆ ಯುಪಿಎಸ್? ಅದು ಕೆಲವು ತಿಂಗಳಿಂದ ‘ಕೀಂ ಕೀಂ’ ಅನ್ನುತ್ತಿತ್ತು. ಕಿರಿಕಿರಿ ಅಂತ ಅದರ ಸದ್ದು ನಿಲ್ಲಿಸಿದವಳೂ ನಾನೇ. ಬ್ಯಾಟರಿ ಬದಲಿಸು ಅಂತ ಅದು ಕೂಗಿಕೊಳ್ಳುತ್ತಿತ್ತು ಅಂತ ಆಗ ತಿಳಿದಿರಲಿಲ್ಲ.

ಕೊನೆಗೆ ನಮ್ಮನ್ನು ಉಳಿಸಿದ್ದು ಕಂಪ್ಯೂಟರಲ್ಲ, ಸದಸ್ಯರ ಹಾಲಿನ ಕಾರ್ಡು. ಕಾರ್ಯದರ್ಶಿಯವರು ಒಂದು ಮಾತೂ ಬೈಯದೆ ಎಲ್ಲರಿಗೂ ಕಾರ್ಡು ತರಲು ಹೇಳಿದರು. ಮೂರು ಸಂಜೆ ಇಬ್ಬರೂ ಕುಳಿತು ಒಂದೊಂದೇ ಕಾರ್ಡಿನಿಂದ ಲೆಕ್ಕ ಏರಿಸಿದೆವು. ಒಬ್ಬ ಅಜ್ಜಿಯ ಕಾರ್ಡು ಮಳೆಯಲ್ಲಿ ನೆನೆದು ಶಾಯಿ ಹರಡಿತ್ತು. ಹಿಂದಿನ ವಾರಗಳ ಸರಾಸರಿ ಹಿಡಿದು, ಅವರ ಎದುರೇ ಲೆಕ್ಕ ಹಾಕಿ, ಒಪ್ಪಿಗೆ ಪಡೆದೆವು. ಬಟವಾಡೆ ಒಂದು ದಿನ ತಡವಾಯಿತು. ಕೊನೆಯವರಿಗೆ ದುಡ್ಡು ಎಣಿಸಿಕೊಟ್ಟ ಮೇಲೆ ಕಾರ್ಯದರ್ಶಿಯವರು ಆ ಉದ್ದ ಪುಸ್ತಕವನ್ನು ಮತ್ತೆ ಮೇಜಿನ ಮೇಲಿಟ್ಟರು. ನಾನು ಪೆನ್ನು ತೆಗೆದುಕೊಂಡೆ.

ಅಂದಿನಿಂದ ಕೆಲವು ಅಭ್ಯಾಸ ಮಾಡಿಕೊಂಡಿದ್ದೇನೆ. ಯುಪಿಎಸ್ ಇರುವುದು ಕತ್ತಲಲ್ಲಿ ಕೆಲಸ ಮುಂದುವರಿಸಲಿಕ್ಕಲ್ಲ, ಸೇವ್ ಮಾಡಿ ಸರಿಯಾಗಿ ಶಟ್‌ಡೌನ್ ಮಾಡಲಿಕ್ಕೆ. ತಿಂಗಳಿಗೊಮ್ಮೆ ಕೆಲಸವಿಲ್ಲದ ಹೊತ್ತಲ್ಲಿ ಫೈಲುಗಳನ್ನೆಲ್ಲ ಮುಚ್ಚಿ, ಮೇನ್ ಸ್ವಿಚ್ ಆರಿಸಿ ಅದು ನಿಲ್ಲುತ್ತದೆಯೇ ಅಂತ ನೋಡುತ್ತೇನೆ. ಮನೆಯ ಇನ್ವರ್ಟರಿಗೆ ಕಂಪ್ಯೂಟರ್ ಜೋಡಿಸಿದವರು ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ಇಲ್ಲದಿದ್ದರೆ ಬ್ಯಾಟರಿಗೆ ಬದಲಾಗುವುದು ತಡವಾಗಿ ಕಂಪ್ಯೂಟರ್ ಆರಿಹೋಗಬಹುದು. ಪ್ರತಿದಿನ ಹೊಸ ಹೆಸರಲ್ಲಿ ಒಂದು ಪ್ರತಿ ಬೇರೆ ಡ್ರೈವಿಗೆ, ಇನ್ನೊಂದು ಕ್ಲೌಡಿಗೆ. ಹಳೆಯದರ ಮೇಲೆಯೇ ಬರೆದರೆ ಕೆಟ್ಟ ಫೈಲು ಒಳ್ಳೆಯದನ್ನೂ ನುಂಗಿಬಿಡುತ್ತದೆ. ಮುಖ್ಯವಾಗಿ, ಆ ಪ್ರತಿಯನ್ನು ಆಗಾಗ ತೆರೆದು ನೋಡಬೇಕು. ತೆರೆಯದ ಬ್ಯಾಕಪ್ ಬರೀ ನಂಬಿಕೆಯಷ್ಟೇ.

ಪ್ರಾಜೆಕ್ಟ್ ರಿಪೋರ್ಟು, ರೆಸ್ಯೂಮೆ, ಅಂಕಪಟ್ಟಿಯ ಸ್ಕ್ಯಾನು ಎಲ್ಲವನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿರುವ ಗೆಳೆಯ ಗೆಳತಿಯರೇ, ಇವತ್ತೇ ಒಂದು ಪ್ರತಿ ಬೇರೆ ಕಡೆ ಇಡಿ. ನಾಳೆ ಮಾಡಿದರಾಯಿತು ಅನ್ನಬೇಡಿ. ಹೊರಗೆ ಗಾಳಿ ಶುರುವಾಗಿದೆ, ಇದನ್ನು ಟೈಪ್ ಮಾಡುವಾಗಲೇ ಎರಡು ಸಲ ದೀಪ ಮಿನುಗಿತು. ನಾನಂತೂ ಈ ಬರಹವನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದೇನೆ!