ಕೂಸು ಚೀಪಲಾರದಾಗ ಎದೆಹಾಲು

ಅವಧಿಗೆ ಮುಂಚೆ ಹುಟ್ಟಿದ ಕೂಸಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಳ್ಳುವುದು ಸುಮಾರು 34 ವಾರ ತುಂಬಿದ ಮೇಲೆ. ಅಲ್ಲಿಯವರೆಗೆ ತಾಯಿಯ ಹಾಲನ್ನು ಹಿಂಡಿ ಕೊಳವೆಯಲ್ಲಿ ಕೊಡಬೇಕು, ಸ್ವಲ್ಪ ಚೇತರಿಸಿಕೊಂಡ ಮೇಲೆ ಒಳಲೆಯಲ್ಲಿ ಕುಡಿಸಬಹುದು. ಹೈದರಾಬಾದಿನ ನಿಲೋಫರ್ ಸರ್ಕಾರಿ ಆಸ್ಪತ್ರೆಯಲ್ಲಿ 2017ರಲ್ಲಿ ಆರಂಭವಾದ ‘ಧಾತ್ರಿ’ ತಾಯಿಹಾಲಿನ ಬ್ಯಾಂಕ್ ಇರುವುದು ಇಂಥ ಎಳೆಗೂಸುಗಳಿಗಾಗಿ. ಇಂಥ ಬ್ಯಾಂಕುಗಳಲ್ಲಿ ರಕ್ತಪರೀಕ್ಷೆ ಮುಗಿಸಿದ ಬಾಣಂತಿಯರು ತಮ್ಮ ಕೂಸಿಗೆ ಮಿಕ್ಕ ಹಾಲನ್ನು ದಾನ ಮಾಡುತ್ತಾರೆ. ಅದನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಪರೀಕ್ಷಿಸಿ, ಹೆಪ್ಪುಗಟ್ಟಿಸಿ ಇಡುತ್ತಾರೆ. ಕಾಯಿಸಿದಾಗ ರೋಗ ತಡೆಯುವ ಅಂಶಗಳು ಒಂದಷ್ಟು ನಷ್ಟವಾಗುತ್ತವೆ. ಆದ್ದರಿಂದ ಹೆತ್ತವಳ ಹಾಲೇ ಮೊದಲು, ದಾನದ ಹಾಲು ಆಮೇಲೆ.

ಎದೆ ಬರಿದಾದಷ್ಟೂ ಹಾಲು ಹೆಚ್ಚುತ್ತದೆ. ತುಂಬಿಕೊಂಡೇ ಇದ್ದರೆ ಉತ್ಪತ್ತಿ ಕುಗ್ಗುತ್ತದೆ. ‘ಹಾಲೇ ಇಲ್ಲ’ ಎಂದು ಕಂಗಾಲಾಗುವ ಎಷ್ಟೋ ಬಾಣಂತಿಯರಿಗೆ ಮನೆಯವರು ಮೊದಲು ಹೇಳಬೇಕಾದ ಮಾತು ಇದು. ಕೂಸು ಐಸಿಯುನಲ್ಲಿದ್ದರೆ ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹಿಂಡಲು ತೊಡಗಿ, ದಿನಕ್ಕೆ 8 ಸಲವಾದರೂ ಹಿಂಡಬೇಕು. ರಾತ್ರಿಯದನ್ನು ತಪ್ಪಿಸಬಾರದು, ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹೆಚ್ಚುವುದು ಆಗಲೇ.

ಮೊದಲ ದಿನಗಳ ಹಳದಿ ಹಾಲು ಬರುವುದೇ ಚಮಚದ ಲೆಕ್ಕದಲ್ಲಿ. ಪಂಪಿನಲ್ಲಿ ಅದು ಅಲ್ಲಲ್ಲೇ ಅಂಟಿಕೊಂಡು ಉಳಿಯುತ್ತದೆ, ಹಾಗಾಗಿ ಕೈಯೇ ವಾಸಿ. ಕೈ ತೊಳೆದು, ತೊಟ್ಟಿನಿಂದ ಎರಡು ಬೆರಳಗಲ ಹಿಂದೆ, ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಇಡಬೇಕು. ಮೊದಲು ಪಕ್ಕೆಲುಬಿನತ್ತ ಒತ್ತಿ, ಆಮೇಲೆ ಬೆರಳುಗಳನ್ನು ಹತ್ತಿರ ತಂದು ಅದುಮಿ ಬಿಡಬೇಕು. ತೊಟ್ಟನ್ನು ಎಳೆಯುವಂತಿಲ್ಲ. ಪಂಪ್ ಬಳಸುವಾಗ ಅದರ ಬಟ್ಟಲು ತೊಟ್ಟಿನ ಅಳತೆಗೆ ಸರಿಹೊಂದಬೇಕು. ನೋವಾದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ಎದೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ವೈದ್ಯರಿಗೆ ತೋರಿಸಬೇಕು; ಹಿಂಡುವುದನ್ನು ಮಾತ್ರ ನಿಲ್ಲಿಸಬಾರದು.

ಆರೋಗ್ಯವಂತ ಕೂಸಿಗಾಗಿ ಹಿಂಡಿದ ಹಾಲು 25 ಡಿಗ್ರಿಯ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಕೆಡುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಹೈದರಾಬಾದಿನಲ್ಲಿ ಹೊರಗಿಡುವ ಯೋಚನೆಯನ್ನೇ ಬಿಟ್ಟು, ಕೂಡಲೇ ಫ್ರಿಜ್ಜಿನ ಒಳಭಾಗದಲ್ಲಿ ಇಡುವುದು ಕ್ಷೇಮ. ಬಾಗಿಲಿನ ಅರೆಯಲ್ಲಿ ತಂಪು ನಿಲ್ಲುವುದಿಲ್ಲ. ಕುಡಿಸುವ ಮೊದಲು ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟರೆ ಸಾಕು, ಒಲೆಯೂ ಬೇಡ, ಮೈಕ್ರೋವೇವೂ ಬೇಡ.

ಹಾಲೂಡಿಸುವ ಮೊದಲ 6 ತಿಂಗಳು ದಿನಕ್ಕೆ 600 ಕಿಲೋಕ್ಯಾಲರಿ ಹೆಚ್ಚುವರಿ ಆಹಾರ ಬೇಕೆಂಬುದು ಇದೇ ನಗರದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ. ಪಥ್ಯದ ಹೆಸರಿನಲ್ಲಿ ಊಟ, ನೀರು ಕಡಿಮೆ ಮಾಡುವುದು ಬಾಣಂತಿಗೆ ಮಾಡುವ ಅನ್ಯಾಯ. ಕೆಲಸಕ್ಕೆ ಮರಳಿದವರಿಗೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವುಗಳನ್ನು ಕಾನೂನು ಕೊಟ್ಟಿದೆ. ಕೂಸು ಮನೆಯಲ್ಲಿದ್ದರೆ ಆ ಹೊತ್ತಿನಲ್ಲಿ ಹಾಲು ಹಿಂಡಿ, ಐಸ್‌ಪ್ಯಾಕ್ ಇಟ್ಟ ಚೀಲದಲ್ಲಿ ಮನೆಗೆ ಒಯ್ಯಬಹುದು.